ಮಾಸ್ತರಿಗೆ ಶಾಲು ಬೇಡ, ಚೆಂಡು ಕೊಡೋಣ

ದೀಪಾವಳಿ ರಜೆಗೆ ಊರಿಗೆ ಹೋಗಿದ್ದೆ. ನಮ್ಮೂರು ಕಳಸಾಪುರ, ಗದಗಕ್ಕೆ ಅಂಟಿಕೊಂಡ ಹಾಗೇ ಇದೆ. ಪಾಡ್ಯದ ಮರುದಿನ ಸಂಜೆ ಕ್ರಿಕೆಟ್ ಟೀಮಿನ ಮೀಟಿಂಗ್ ಇದೆ ಬಾ ಅಂತ ಫೋನ್ ಬಂತು. ಮೀಟಿಂಗ್ ಅಂದ್ರೆ ದೊಡ್ಡದೇನಲ್ಲ. ಚಹಾದಂಗಡಿ ಮುಂದೆ ಎಂಟು ಹತ್ತು ಜನ, ಎರಡು ಪ್ಲೇಟ್ ಮಿರ್ಚಿ, ಪೇಪರಿನಲ್ಲಿ ಗಿರ್ಮಿಟ್. ಚರ್ಚೆಗೆ ಇದ್ದ ವಿಷಯ ಒಂದೇ. ಮಾಸ್ತರನ್ನ ಏನು ಮಾಡೋದು?

ಮಾಸ್ತರ್ ಅಂದ್ರೆ ನಮಗೆಲ್ಲ ಬೌಲಿಂಗ್ ಕಲಿಸಿದವರು. ಶಾಲೆಯಲ್ಲಿ ಪಿ.ಟಿ. ಮಾಸ್ತರ್ ಆಗಿದ್ರು, ರಿಟೈರ್ ಆಗಿ ಬಹಳ ವರ್ಷ ಆಯ್ತು. ಈಗ ವಯಸ್ಸು ಎಂಬತ್ತರ ಹತ್ತಿರ. ಹೆಸರು ಬರೆಯಲ್ಲ, ಬರೆದ್ರೆ ಅವರಿಗೆ ಸಿಟ್ಟು ಬರುತ್ತೆ. ಈಗಲೂ ದಿನಾ ಬೆಳಿಗ್ಗೆ ಗ್ರೌಂಡಿಗೆ ಬರ್ತಾರೆ. ಒಂದು ಪ್ಲಾಸ್ಟಿಕ್ ಕುರ್ಚಿ, ಬೇವಿನ ಮರದ ನೆರಳು, ಕೈಯಲ್ಲಿ ಬಣ್ಣ ಹೋದ ಒಂದು ಹಳೇ ಚೆಂಡು. ಫೀಸ್ ಅಂತ ಯಾವತ್ತೂ ಯಾರ ಹತ್ರನೂ ಏನೂ ತಗೊಂಡಿಲ್ಲ.

ಮೀಟಿಂಗಿನಲ್ಲಿ ಬಂದ ಪ್ರಪೋಸಲ್ ಹೀಗಿತ್ತು. ಕೋಚಿಂಗ್ ಕೋರ್ಸ್ ಮಾಡಿದ ಒಬ್ಬ ಯುವಕ ಗದಗದಿಂದ ವಾರಕ್ಕೆ ಮೂರು ದಿನ ಬರೋಕೆ ಒಪ್ಪಿದ್ದಾನೆ. ಟ್ರೈಪಾಡ್ ಮೇಲೆ ಮೊಬೈಲ್ ಇಟ್ಟು ಸ್ಲೋ ಮೋಷನ್ ತೋರಿಸ್ತಾನೆ. ಪಟ್ಟಿ ಎತ್ತಿದ್ರೆ ಅವನ ಸಂಬಳಕ್ಕೆ ಸಾಕಾಗುತ್ತೆ. ಇನ್ನು ಮಾಸ್ತರಿಗೆ ಮುಂದಿನ ಟೂರ್ನಮೆಂಟ್ ಫೈನಲ್ ದಿನ ಶಾಲು, ಹಾರ, ಒಂದು ನೆನಪಿನ ಫಲಕ. "ಮರ್ಯಾದಿಯಿಂದ ಕಳಸೋಣು" ಅಂದ ನಮ್ಮ ಕ್ಯಾಪ್ಟನ್.

ಆಮೇಲೆ ಎಲ್ಲರೂ ನನ್ನ ಮುಖ ನೋಡಿದ್ರು. "ಲೇ, ನೀ ಇಂಜಿನಿಯರಿಂಗ್ ಓದಾಕತ್ತೀ, ನೀ ಹೇಳು."

ನಾನು ಬಾಯಲ್ಲಿದ್ದ ಮಿರ್ಚಿ ನುಂಗಿ, "ನೀವು ಹೆಂಗ ಅಂತೀರೋ ಹಂಗ" ಅಂದೆ.

ಆವತ್ತು ನಾನು ಹೇಳಬೇಕಾಗಿದ್ದ ಮಾತೇ ಈ ಲೇಖನ. ತಡ ಆಗಿದೆ, ಗೊತ್ತು.

ಮೊದಲು ಅವರ ವಾದವನ್ನ ನ್ಯಾಯವಾಗಿ ಹೇಳ್ತೀನಿ, ಯಾಕಂದ್ರೆ ಅವರ್‍ಯಾರೂ ಕೆಟ್ಟವರಲ್ಲ. ಒಂದು, ಮಾಸ್ತರಿಗೆ ಅರ್ಧ ಗಂಟೆ ಮೇಲೆ ನಿಲ್ಲೋಕೆ ಆಗಲ್ಲ, ಕಣ್ಣಿನ ಪೊರೆ ಆಪರೇಷನ್ ಆಗಿದೆ. ಎರಡು, ಅವರು ಕಲಿಸೋದು ಟೆಸ್ಟ್ ಕಾಲದ ಬೌಲಿಂಗ್. ಟಿ20ಯಲ್ಲಿ ಗಾಳಿಯಲ್ಲಿ ತೇಲಿಸಿದ್ರೆ ಚೆಂಡು ಪಕ್ಕದ ಹೊಲದಲ್ಲಿ ಸಿಗುತ್ತೆ. ಮೂರು, ಬರೀ ಹಳೇ ಕಥೆ. ಯಾವ ಹುಡುಗ ಏನು ತಪ್ಪು ಮಾಡಿದ್ರೂ ಪ್ರಸನ್ನ, ಚಂದ್ರ, ಸುನೀಲ್ ಜೋಶಿ ಅಂತ ಶುರು ಮಾಡ್ತಾರೆ. ಈಗಿನ ಹನ್ನೆರಡು ವರ್ಷದ ಹುಡುಗರಿಗೆ ಈ ಹೆಸರುಗಳೇ ಗೊತ್ತಿಲ್ಲ.

ಮೂರನೇ ಪಾಯಿಂಟ್ ನನಗೆ ಮುಖ್ಯ. ಮಾಸ್ತರನ್ನ ಉಳಿಸಿಕೊಳ್ಳಬೇಕು ಅನ್ನೋದಕ್ಕೆ ನನ್ನ ಕಾರಣವೂ ಅದೇ ಹಳೇ ಕಥೆ.

ಹಾಗಂತ ನೆನಪೆಲ್ಲ ಒಂದೇ ಅಲ್ಲ. ಬೈಯೋ ನೆನಪು ಒಂದಿದೆ, ಕಲಿಸೋ ನೆನಪು ಇನ್ನೊಂದಿದೆ. ಉದಾಹರಣೆಗೆ ಮೈಸೂರಲ್ಲಿ ಹುಟ್ಟಿದ ಬಿ.ಎಸ್. ಚಂದ್ರಶೇಖರ್. ಚಿಕ್ಕವರಿದ್ದಾಗ ಪೋಲಿಯೋ ಆಗಿ ಅವರ ಬಲಗೈ ಸೊರಗಿತ್ತು. ಅದೇ ಕೈಯಿಂದ 58 ಟೆಸ್ಟ್‌ಗಳಲ್ಲಿ 242 ವಿಕೆಟ್ ತಗೊಂಡ್ರು. 1971ರಲ್ಲಿ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡಿನಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಸರಣಿ ಗೆಲ್ಲಿಸಿಕೊಟ್ರು. ಇದನ್ನ ಚಹಾದಂಗಡಿಯಲ್ಲಿ ಕೂತ ಯಾವ ದೊಡ್ಡವರನ್ನ ಕೇಳಿದ್ರೂ, "ಪೋಲಿಯೋ ಆದಾಂವ ಅಷ್ಟು ಮಾಡಿದ, ಕೈಕಾಲು ಗಟ್ಟಿ ಇದ್ದ ನಿಮಗೇನ್ ಧಾಡಿ?" ಅಂತಾರೆ. ಇದು ಬೈಯೋ ನೆನಪು. ಕೇಳಿದವನು ತಲೆ ತಗ್ಗಿಸ್ತಾನೆ, ಕಲಿಯೋದು ಸೊನ್ನೆ.

ಮಾಸ್ತರ್ ಅದೇ ಚಂದ್ರಶೇಖರ್ ಬಗ್ಗೆ ಹೇಳೋದು ಬೇರೆ. ಅವರ ಕೈ ತೆಳ್ಳಗಿದ್ದಿದ್ದಕ್ಕೇ ಚಾಟಿ ಹಾಗೆ ಬೀಸ್ತಿತ್ತು. ಲೆಗ್ ಬ್ರೇಕ್, ಗೂಗ್ಲಿ ಎಲ್ಲ ಹೆಚ್ಚುಕಮ್ಮಿ ಮೀಡಿಯಂ ಪೇಸ್ ವೇಗದಲ್ಲಿ ಬರ್ತಿತ್ತು, ಬ್ಯಾಟ್ಸ್‌ಮನ್‌ಗೆ ನೋಡಿ ಆಡೋಕೆ ಟೈಮೇ ಇರ್ತಿರಲಿಲ್ಲ. ಫೀಲ್ಡಿಂಗ್‌ನಲ್ಲಿ ಚೆಂಡು ಎಸೆಯೋಕೆ ಮಾತ್ರ ಅವರು ಎಡಗೈ ಬಳಸ್ತಿದ್ರು. "ಅವ್ರ ಹಂಗ ನಿನಗ ಬರೂದಿಲ್ಲ. ಆದ್ರ ನಿನ್ನ ಕೈ ಹೆಂಗ ಐತಿ ಅಂತ ನೀ ನೋಡ್ಕೊಂಡೀಯೇನು?" ಅಂತ ಕೇಳಿ, ನನ್ನ ಮಣಿಕಟ್ಟು ಹಿಡಿದು ತಿರುಗಿಸಿ ನೋಡಿದ್ರು. ನಾನು ಆಫ್ ಸ್ಪಿನ್ನರ್ ಆಗಬೇಕು ಅಂತ ತೀರ್ಮಾನ ಆಗಿದ್ದು ಆವತ್ತೇ. ಆಗ ನನಗೆ ಹನ್ನೊಂದು ವರ್ಷ.

ಆಫ್ ಸ್ಪಿನ್ ಅಂದ ಮೇಲೆ ಪ್ರಸನ್ನ ಬರಲೇಬೇಕು. ಅವರ ಹೆಸರಲ್ಲಿ ಓಡಾಡೋ ಒಂದು ಮಾತಿದೆ: ಲೈನ್ ನಿನ್ನ ಇಷ್ಟ, ಲೆಂತ್ ಮಾತ್ರ ಕಡ್ಡಾಯ. ಮಾಸ್ತರ್ ಇದನ್ನ ಬಾಯಲ್ಲಿ ಹೇಳಿ ಬಿಡ್ತಿರಲಿಲ್ಲ. ಪಿಚ್ ಮೇಲೆ ಗೋಣಿಚೀಲದ ತುಂಡು ಹಾಸಿ ಅದರ ಮೇಲೆ ಬೀಳಿಸು ಅಂತಿದ್ರು. ಸರಿಯಾಗಿ ಬೀಳೋಕೆ ಶುರುವಾದ ಕೂಡಲೇ ಎರಡು ಬಡಿಗೆ ನೆಟ್ಟು, ಬಟ್ಟೆ ಒಣಹಾಕೋ ಹಗ್ಗವನ್ನ ಬ್ಯಾಟ್ಸ್‌ಮನ್ ಕಣ್ಣಿಗಿಂತ ಸ್ವಲ್ಪ ಎತ್ತರಕ್ಕೆ ಅಡ್ಡ ಕಟ್ತಿದ್ರು. ಚೆಂಡು ಹಗ್ಗದ ಮೇಲಿಂದ ಹೋಗಬೇಕು, ಆದರೂ ಅದೇ ಗೋಣಿಚೀಲದ ಮೇಲೆ ಬೀಳಬೇಕು. ಜೋರಾಗಿ ಎಸೆದ್ರೆ ಚೀಲ ದಾಟಿ ಹೋಗುತ್ತೆ, ಮೆಲ್ಲಗೆ ಎಸೆದ್ರೆ ಹಗ್ಗಕ್ಕೆ ತಾಗುತ್ತೆ. ಎರಡೂ ಆಗಬೇಕಂದ್ರೆ ಒಂದೇ ದಾರಿ, ಬೆರಳಿನಿಂದ ಚೆಂಡನ್ನ ಚೆನ್ನಾಗಿ ತಿರುಗಿಸಬೇಕು.

ಯಾಕೆ ಅಂತ ನನಗೆ ಗೊತ್ತಾಗಿದ್ದು ಎಂಟು ವರ್ಷ ಆದಮೇಲೆ, ಇದೇ ಕ್ಯಾಂಪಸ್ಸಿನಲ್ಲಿ, ಫ್ಲೂಯಿಡ್ ಮೆಕ್ಯಾನಿಕ್ಸ್ ಕ್ಲಾಸಿನಲ್ಲಿ. ಮ್ಯಾಗ್ನಸ್ ಎಫೆಕ್ಟ್! ಮುಂದಕ್ಕೆ ಉರುಳ್ತಾ ಹೋಗೋ ಚೆಂಡನ್ನ ಗಾಳಿ ಕೆಳಗೆ ತಳ್ಳುತ್ತೆ. ಅದಕ್ಕೇ ಅದು ಮೇಲೆ ಹೋಗಿ, ಬ್ಯಾಟ್ಸ್‌ಮನ್ ಅಂದುಕೊಂಡಿದ್ದಕ್ಕಿಂತ ಮೊದಲೇ ಬೀಳುತ್ತೆ. ಮೇಷ್ಟ್ರು ಬೋರ್ಡ್ ಮೇಲೆ ಚಿತ್ರ ಬರೀತಿದ್ರು, ನನಗೆ ಮಾತ್ರ ಹಗ್ಗ ಕಾಣ್ತಿತ್ತು.

ಇನ್ನೊಂದು ವಿಷಯ. ಗದಗಿನ ಗಾಳಿ ನಿಮಗೆ ಗೊತ್ತಿರಬಹುದು, ಕಪ್ಪತಗುಡ್ಡದ ಕಡೆ ಸುಮ್ಮನೆ ಗಾಳಿಯಂತ್ರಗಳನ್ನ ನಿಲ್ಲಿಸಿಲ್ಲ. ಬೇರೆ ಊರಿನ ಸ್ಪಿನ್ನರ್‌ಗಳು ಗಾಳಿ ಬೆನ್ನಿಗಿರೋ ತುದಿ ಕೇಳಿದ್ರೆ, ಮಾಸ್ತರ್ ನಮಗೆ ಎದುರು ಗಾಳಿಯ ತುದಿ ಕೊಡಿಸ್ತಿದ್ರು. "ಗಾಳಿ ನಿಂದ ಕೆಲಸ ಮಾಡ್ತೈತಿ, ಮಾಡಾಕ ಬಿಡು." ಲೆಕ್ಕ ಸರಿಯಾಗಿದೆ. ಎದುರು ಗಾಳಿ ಇದ್ರೆ ಚೆಂಡಿಗೂ ಗಾಳಿಗೂ ನಡುವಿನ ವೇಗ ಜಾಸ್ತಿ ಆಗುತ್ತೆ, ಕೆಳಗೆ ತಳ್ಳೋ ಬಲವೂ ಜಾಸ್ತಿ ಆಗುತ್ತೆ. ಮಾಸ್ತರ್ ಮ್ಯಾಗ್ನಸ್ ಹೆಸರು ಕೇಳಿಲ್ಲ. ಕೇಳಬೇಕಾದ ಅಗತ್ಯವೂ ಬಂದಿಲ್ಲ.

ಪ್ರಸನ್ನ ಕಥೆಯಲ್ಲಿ ನಮ್ಮಂಥವರಿಗೆ ಬೇರೆಯೇ ಪಾಠ ಇದೆ. ಇರಾಪಳ್ಳಿ ಪ್ರಸನ್ನ ಮೊದಲ ಟೆಸ್ಟ್ ಆಡಿದ್ದು 1962ರ ಜನವರಿಯಲ್ಲಿ, ಮದ್ರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ. ಅದೇ ವರ್ಷ ವೆಸ್ಟ್ ಇಂಡೀಸ್ ಪ್ರವಾಸಕ್ಕೂ ಹೋದ್ರು. ಆಮೇಲೆ ಸುಮಾರು ಐದು ವರ್ಷ ಒಂದೂ ಟೆಸ್ಟ್ ಇಲ್ಲ. ಮೈಸೂರಿನ ಎನ್.ಐ.ಇ.ಯಲ್ಲಿ ಇಂಜಿನಿಯರಿಂಗ್ ಮುಗಿಸೋಕೆ ನಿಂತಿದ್ರು. 1967ರಲ್ಲಿ ವಾಪಸ್ ಬಂದು, ತಮ್ಮ 20ನೇ ಟೆಸ್ಟಿಗೇ 100 ವಿಕೆಟ್ ಮುಟ್ಟಿದ್ರು. ಮುಂದೆ ಕರ್ನಾಟಕದ ಕ್ಯಾಪ್ಟನ್ ಆಗಿ 1973–74ರಲ್ಲಿ ನಮಗೆ ಮೊದಲ ರಣಜಿ ಟ್ರೋಫಿ ತಂದುಕೊಟ್ರು. ಅಲ್ಲಿವರೆಗೆ ಬಾಂಬೆ ಸತತ 15 ವರ್ಷ ಗೆದ್ದಿತ್ತು. ಆ ಸಲ ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಗವಾಸ್ಕರ್ ಬೌಲ್ಡ್ ಆಗಿದ್ದು ಪ್ರಸನ್ನ ಚೆಂಡಿಗೇ.

ನಾನು ಪಿಯುಸಿಯಲ್ಲಿ ಸಿಇಟಿ ಅಂತ ಬೌಲಿಂಗ್ ಬಿಟ್ಟೆ. ಕುಂಬ್ಳೆ ಆರ್.ವಿ.ಯಲ್ಲಿ ಮೆಕ್ಯಾನಿಕಲ್, ಶ್ರೀನಾಥ್ ಎಸ್.ಜೆ.ಸಿ.ಇ.ಯಲ್ಲಿ ಇನ್‌ಸ್ಟ್ರುಮೆಂಟೇಷನ್ ಓದಿದ್ದು ನಮ್ಮ ಎಲ್ಲ ಫ್ರೆಷರ್ಸ್ ಡೇ ಭಾಷಣದಲ್ಲೂ ಬರುತ್ತೆ, ಅದು ಯಾವತ್ತೂ ನನ್ನನ್ನ ತಟ್ಟಿಲ್ಲ. ತಟ್ಟಿದ್ದು ಪ್ರಸನ್ನ ಅವರ ಆ ಐದು ವರ್ಷ. ಬಿಟ್ಟವನು ವಾಪಸ್ ಬರಬಹುದು ಅಂತ ಹೇಳಿಕೊಟ್ಟಿದ್ದು ಮಾಸ್ತರ್, ಅದೂ ನಾನು ಬಿಡ್ತೀನಿ ಅಂತ ಹೇಳೋಕೆ ಹೋದ ದಿನ. ಬೈತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. ನಾನು ಪ್ರಸನ್ನ ಅಲ್ಲ, ಟೆಸ್ಟ್ ಆಡಲ್ಲ, ಅದು ಅವರಿಗೂ ಗೊತ್ತು. ಆದ್ರೂ ಹೇಳಿದ್ರು.

ಇನ್ನು ನಮ್ಮ ಗದಗಿನವರೇ ಆದ ಸುನೀಲ್ ಜೋಶಿ. ಅವರ ಕಥೆಯಲ್ಲಿ ಎಲ್ಲರಿಗೂ ನೈರೋಬಿ ಮಾತ್ರ ನೆನಪಿದೆ. 1999ರ ಸೆಪ್ಟೆಂಬರ್ 26, ದಕ್ಷಿಣ ಆಫ್ರಿಕಾ ವಿರುದ್ಧ 10 ಓವರ್, 6 ಮೇಡನ್, 6 ರನ್, 5 ವಿಕೆಟ್. ಕ್ರೋನಿಯೆ, ರೋಡ್ಸ್ ಥರದವರೆಲ್ಲ ಔಟ್, ಟೀಮ್ 117ಕ್ಕೆ ಆಲೌಟ್. ಮಾಸ್ತರ್ ನೈರೋಬಿಗೆ ಬರೋದು ಕೊನೆಗೆ. ಅವರು ಶುರು ಮಾಡೋದು ಹುಬ್ಬಳ್ಳಿಯಿಂದ. ಹುಡುಗ ಜೋಶಿ ಬೆಳಗಿನ ಪ್ರಾಕ್ಟೀಸಿಗೆ ಗದಗದಿಂದ ಹುಬ್ಬಳ್ಳಿಗೆ ಹೋಗಿ, ಶಾಲೆ ಹೊತ್ತಿಗೆ ಮತ್ತೆ ಗದಗಕ್ಕೆ ಬರ್ತಿದ್ರು. ಒಂದು ಕಡೆಗೆ ಸುಮಾರು 60 ಕಿಲೋಮೀಟರ್. ಅಂದ್ರೆ ದಿನಕ್ಕೆ 120. 1995–96ರ ರಣಜಿ ಸೀಸನ್ನಿನಲ್ಲಿ 500ಕ್ಕಿಂತ ಹೆಚ್ಚು ರನ್, 50ಕ್ಕಿಂತ ಹೆಚ್ಚು ವಿಕೆಟ್, ಆ ವರ್ಷ ಟ್ರೋಫಿ ಕರ್ನಾಟಕಕ್ಕೆ. ನೈರೋಬಿಯ ಆ 6 ರನ್ನಿನ ಹಿಂದೆ ಎಷ್ಟು ಬೆಳಗಿನ ಜಾವ ಇದೆ ಅಂತ ಸ್ಕೋರ್‌ಕಾರ್ಡಿನಲ್ಲಿ ಇರಲ್ಲ.

ನಮ್ಮ ಹುಡುಗರಿಗೆ ದಿನಾ 120 ಕಿಲೋಮೀಟರ್ ಓಡಾಡೋ ಗತಿ ಯಾಕೆ ಬರಲಿಲ್ಲ? ಯಾಕಂದ್ರೆ ಊರಲ್ಲೇ ಒಬ್ಬರು ಕುರ್ಚಿ ಹಾಕಿಕೊಂಡು ಕೂತಿದ್ರು.

ಜೋಶಿ ಬಗ್ಗೆ ನನಗೆ ಬಹಳ ಇಷ್ಟ ಆದ ಸಂಗತಿ ಬೇರೆ. 2000ದ ನವೆಂಬರಿನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶದ ಮೊಟ್ಟಮೊದಲ ಟೆಸ್ಟ್ ನಡೀತು. ಅದರಲ್ಲಿ ಜೋಶಿ 92 ರನ್ ಹೊಡೆದು, ಎರಡೂ ಇನ್ನಿಂಗ್ಸ್ ಸೇರಿ 8 ವಿಕೆಟ್ ತಗೊಂಡು ಪಂದ್ಯಶ್ರೇಷ್ಠ ಆದ್ರು. 2017ರಲ್ಲಿ ಅದೇ ಬಾಂಗ್ಲಾದೇಶ ಅವರನ್ನ ಸ್ಪಿನ್ ಕೋಚ್ ಮಾಡಿಕೊಂಡ್ತು. ತಮ್ಮನ್ನ ಸೋಲಿಸಿದವರನ್ನೇ ಕರೆದು, ನೀವು ಹೇಗೆ ಸೋಲಿಸಿದ್ರಿ ಹೇಳಿಕೊಡಿ ಅಂದ್ರು. ಹಳೇ ಆಟಗಾರರನ್ನ ನೆನೆಸಿಕೊಳ್ಳೋದು ಅಂದ್ರೆ ಇದು. ಢಾಕಾದವರು ಬರೀ ಶಾಲು ಹೊದಿಸಿ ಕಳಿಸಲಿಲ್ಲ, ಕೈಗೆ ಚೆಂಡು ಕೊಟ್ರು.

ಸರಿ, ಜೋಶಿ ಅವರಿಗೆ ಅಷ್ಟು ವಯಸ್ಸಾಗಿರಲಿಲ್ಲ ಅಂತೀರಿ. ಎಂಬತ್ತು ದಾಟಿದವರ ಉದಾಹರಣೆ ಬೇಕಾ? ನನ್ನ ಹಾಸ್ಟೆಲ್ ರೂಮ್‌ಮೇಟ್‌ಗೆ ಅಮೆರಿಕದ ಬೇಸ್‌ಬಾಲ್ ಹುಚ್ಚು. ನಾನು ಮಾಸ್ತರ್ ವಿಷಯ ಹೇಳಿದಾಗ ಅವನು ಫಿಲ್ ರೀಗನ್ ಅನ್ನೋರ ಬಗ್ಗೆ ಹೇಳಿದ. ಬೇಸ್‌ಬಾಲ್‌ನಲ್ಲಿ ನಮ್ಮ ಬೌಲರ್ ಜಾಗದಲ್ಲಿ ಪಿಚರ್ ಇರ್ತಾನೆ, ಅವನಿಗಂತಲೇ ಪಿಚಿಂಗ್ ಕೋಚ್ ಇರ್ತಾರೆ. ಕ್ರಿಕೆಟ್ಟಿನ ಹಾಗಲ್ಲ, ಆಟ ನಡೀತಿರುವಾಗಲೇ ಆ ಕೋಚ್ ಮೈದಾನದ ಮಧ್ಯಕ್ಕೆ ನಡೆದು ಹೋಗಿ ಪಿಚರ್ ಹತ್ರ ಮಾತಾಡಬಹುದು. 2019ರ ಜೂನ್‌ನಲ್ಲಿ ನ್ಯೂಯಾರ್ಕ್ ಮೆಟ್ಸ್ ಟೀಮ್ ಸೋಲ್ತಾ ಇದ್ದಾಗ ಇದ್ದ ಪಿಚಿಂಗ್ ಕೋಚನ್ನ ತೆಗೆದು, ಸೀಸನ್ ಮುಗಿಯೋವರೆಗೆ ಅಂತ ರೀಗನ್ ಅವರನ್ನ ತಂದ್ರು. ಆಗ ಅವರಿಗೆ 82 ವರ್ಷ! 1966ರಲ್ಲಿ ಡಾಡ್ಜರ್ಸ್ ಟೀಮಿಗೆ ಆಡಿ 14 ಗೆಲುವು, 1 ಸೋಲು ಕಂಡಿದ್ದವರು. ಆ ಸೀಸನ್ನಿನ ಮೊದಲ ಅರ್ಧದಲ್ಲಿ ಮೆಟ್ಸ್ 40 ಗೆದ್ದು 50 ಸೋತಿತ್ತು. ಎರಡನೇ ಅರ್ಧದಲ್ಲಿ 46 ಗೆದ್ದು 26 ಸೋತಿತು. ಇದೆಲ್ಲ ರೀಗನ್ ಒಬ್ಬರಿಂದಲೇ ಆಯ್ತು ಅಂತ ಹೇಳಲ್ಲ. ಆದ್ರೆ 82 ವರ್ಷ ಆಗಿದೆ ಅಂತ ಟೀಮೇನೂ ಮುಳುಗಲಿಲ್ಲ.

ಅದೇ ಬೇಸ್‌ಬಾಲ್‌ನಿಂದ ಇನ್ನೊಂದು ವಿಷಯವೂ ಕಲಿಯೋದಿದೆ, ಅದು ಮಾಸ್ತರ್ ಕಡೆ ವಾದಕ್ಕೆ ಸಹಾಯ ಮಾಡಲ್ಲ. ಮುಚ್ಚಿಟ್ರೆ ಮೋಸ ಆಗುತ್ತೆ, ಅದಕ್ಕೇ ಬರೀತೀನಿ. ಹತ್ತನೇ ಕ್ಲಾಸಿನಲ್ಲಿದ್ದಾಗ ನನಗೆ ಭುಜ ನೋವು ಶುರುವಾಗಿತ್ತು. ಮಾಸ್ತರಿಗೆ ಹೇಳಿದೆ. "ನೋವು ಬಂತಂದ್ರ ಕಲಿಯಾಕತ್ತೀ ಅಂತ" ಅಂದ್ರು. ನಾನು ಹಾಕ್ತಾನೇ ಹೋದೆ, ಎಣಿಸಿದವರು ಯಾರೂ ಇಲ್ಲ. ಎರಡು ತಿಂಗಳು ಕೈ ತಲೆ ಮೇಲೆ ಎತ್ತೋಕೆ ಆಗಲಿಲ್ಲ. ಅಮೆರಿಕದ ಲಿಟಲ್ ಲೀಗ್‌ನಲ್ಲಿ 11–12 ವರ್ಷದ ಪಿಚರ್ ದಿನಕ್ಕೆ 85 ಎಸೆತ ದಾಟೋ ಹಾಗಿಲ್ಲ, ರೂಲೇ ಇದೆ. ನಮ್ಮ ಗ್ರೌಂಡಿನಲ್ಲಿ ಅಂಥ ಲೆಕ್ಕ ಇಡೋವರು ಬೇಕು. ಸ್ಲೋ ಮೋಷನ್ ಕೂಡ ಬೇಕು, ಯಾಕಂದ್ರೆ ಮಾಸ್ತರ್ ಕಣ್ಣಿಗೆ ಈಗ ಬೆರಳು ಕಾಣಲ್ಲ. ಆ ಯುವಕ ಕೋಚ್ ಬರಲಿ. ಖಂಡಿತ ಬರಲಿ. ನಾನೂ ಪಟ್ಟಿ ಕೊಡ್ತೀನಿ.

ಆದ್ರೆ ಅವನು ಬರಬೇಕಂದ್ರೆ ಇವರು ಹೋಗಬೇಕು ಅನ್ನೋ ಲೆಕ್ಕ ಎಲ್ಲಿಂದ ಬಂತು? ಗ್ರೌಂಡಿನಲ್ಲಿ ಒಂದೇ ಕುರ್ಚಿಗೆ ಜಾಗ ಇದೆಯಾ?

ಮೊಬೈಲ್ ನನ್ನ ಕೈ ಎಷ್ಟು ಡಿಗ್ರಿ ಬಾಗಿದೆ ಅಂತ ತೋರಿಸುತ್ತೆ. ಎದುರು ಗಾಳಿಯ ತುದಿಯಿಂದ ಹಾಕು ಅಂತ ಅದು ಹೇಳಲ್ಲ. ಟಿ20 ವಾದಕ್ಕೂ ನನ್ನ ಉತ್ತರ ಇದೇ. ಮಾಸ್ತರ್ ಕಲಿಸಿದ್ದು ಸುಮ್ಮನೆ ತೇಲಿಸೋದನ್ನಲ್ಲ, ತೇಲಿದ ಚೆಂಡನ್ನ ಬೀಳಿಸೋದನ್ನ. ವಿಜಯಪುರದ ರಾಜೇಶ್ವರಿ ಗಾಯಕವಾಡ್ 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್ ತಗೊಂಡಿದ್ದು ಇದೇ ಹಳೇ ಕಾಲದ ಸ್ಪಿನ್ನಿನಿಂದ. ಎಲ್ಲರೂ ಹೊಡೆಯೋಕೆ ನಿಂತಿರೋ ಕಾಲದಲ್ಲಿ, ಅಂದುಕೊಂಡಿದ್ದಕ್ಕಿಂತ ಒಂದು ಅಡಿ ಮುಂಚೆ ಬೀಳೋ ಚೆಂಡಿಗೆ ಬೆಲೆ ಜಾಸ್ತಿನೇ ಆಗಬೇಕು.

ಹಾಗಾಗಿ ನನ್ನ ಪ್ರಪೋಸಲ್ ಇಷ್ಟು. ವಾರಕ್ಕೆ ಮೂರು ದಿನ ಹೊಸ ಕೋಚ್ ಗ್ರೌಂಡ್ ನೋಡಿಕೊಳ್ಳಲಿ, ಯಾವ ಹುಡುಗ ಎಷ್ಟು ಚೆಂಡು ಹಾಕಿದ ಅಂತ ಬರೆದಿಡಲಿ. ಭಾನುವಾರ ಬೆಳಿಗ್ಗೆ ಒಂದು ಗಂಟೆ ಮಾಸ್ತರಿಗೆ. ಅವರು ನಿಲ್ಲೋದು ಬೇಡ, ಕೂತೇ ಹೇಳಲಿ. ಪಕ್ಕದಲ್ಲಿ ಒಬ್ಬ ಹುಡುಗ ಮೊಬೈಲಿನಲ್ಲಿ ರೆಕಾರ್ಡ್ ಮಾಡಲಿ. ಮುಖ್ಯವಾಗಿ, ನಾವು ಕೇಳೋ ಪ್ರಶ್ನೆ ಬದಲಾಗಲಿ. "ಸರ್, ಪ್ರಸನ್ನ ದೊಡ್ಡವರಾ, ಅಶ್ವಿನ್ ದೊಡ್ಡವರಾ?" ಅಂತ ಕೇಳಿದ್ರೆ ಯಾರಿಂದಲೇ ಆಗಲಿ ಬೈಯೋ ನೆನಪೇ ಹೊರಗೆ ಬರುತ್ತೆ. "ಸರ್, ಪ್ರಸನ್ನ ಬೆರಳನ್ನ ಎಲ್ಲಿ ಇಡ್ತಿದ್ರು?" ಅಂತ ಕೇಳಿ ನೋಡಿ. ಎಂಬತ್ತರ ಹತ್ತಿರದ ಆ ಕೈ ತಾನಾಗೇ ಚೆಂಡಿಗೆ ಹೋಗುತ್ತೆ.

ಇದನ್ನ ಓದ್ತಿರೋ ನಿಮ್ಮೂರಲ್ಲೂ ಇಂಥವರು ಒಬ್ಬರು ಇರ್ತಾರೆ. ಕಬಡ್ಡಿ, ಖೋ ಖೋ, ಹಾಕಿ, ಕುಸ್ತಿ, ಯಾವುದಾದರೂ ಸರಿ. ಸೆಮಿಸ್ಟರ್ ರಜೆಯಲ್ಲಿ ಹೋದಾಗ ಕಾಲಿಗೆ ನಮಸ್ಕಾರ ಮಾಡಿ ಸೆಲ್ಫಿ ತಗೊಂಡು ಬರಬೇಡಿ. ಕೂತು ಒಂದು ಪ್ರಶ್ನೆ ಕೇಳಿ, "ಹೇಗೆ" ಅಂತ ಶುರುವಾಗೋ ಪ್ರಶ್ನೆ.

ರಜೆ ಮುಗಿಸಿ ಹೊರಡೋ ದಿನ ಬೆಳಿಗ್ಗೆ ಗ್ರೌಂಡಿಗೆ ಹೋಗಿದ್ದೆ. ಮೀಟಿಂಗಿನ ಸುದ್ದಿ ಮಾಸ್ತರಿಗೆ ಮುಟ್ಟಿತ್ತೋ ಇಲ್ವೋ ಗೊತ್ತಾಗಲಿಲ್ಲ. "ಏನಪಾ ಇಂಜಿನಿಯರ್, ಕೈ ತೋರ್ಸು" ಅಂದ್ರು. ನನ್ನ ತೋರುಬೆರಳನ್ನ ಉಜ್ಜಿ ನೋಡಿದ್ರು. ಅಲ್ಲಿ ಮೊದಲು ಚೆಂಡು ತಿರುಗಿಸಿ ತಿರುಗಿಸಿ ಜಡ್ಡುಗಟ್ಟಿತ್ತು. "ಜಡ್ಡು ಹೋಗೇತಿ" ಅಂದ್ರು, ಅಷ್ಟೇ. ನಾನು ಶಾಲಿನ ವಿಷಯ ಎತ್ತಲಿಲ್ಲ, ನಾನು ಸುಮ್ಮನಿದ್ದ ವಿಷಯವನ್ನೂ ಹೇಳಲಿಲ್ಲ.

ಈ ಲೇಖನದ ಲಿಂಕನ್ನ ನಮ್ಮ ಟೀಮಿನ ಗ್ರೂಪಿಗೆ ಹಾಕ್ತೀನಿ. ಕ್ಯಾಪ್ಟನ್ ಸಿಟ್ಟಾದ್ರೆ ಆಗಲಿ, ಮುಂದಿನ ಮೀಟಿಂಗಿನಲ್ಲಿ ಮಿರ್ಚಿ ನನ್ನ ಖರ್ಚು. ಆ ಹಗ್ಗ ಈ ಸಲ ನೋಡಿದಾಗ ಎರಡು ಕಡೆ ಹರಿದು ಗಂಟು ಹಾಕಿತ್ತು. ಜನವರಿಯಲ್ಲಿ ಹೋಗುವಾಗ ಹೊಸದು ತಗೊಂಡು ಹೋಗ್ತೀನಿ.